ಕೊಂಬು ಸುಡಿಸಬೇಕಾ, ಬಿಡಬೇಕಾ? ನಮ್ಮ ಕೊಟ್ಟಿಗೆಯಲ್ಲಿ ಕಂಡದ್ದು

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಒಂಬತ್ತು ದನ. ಐದು ಹೈಬ್ರಿಡ್, ನಾಲ್ಕು ಮಲೆನಾಡು ಗಿಡ್ಡ, ಅಂದರೆ ನಮ್ಮ ಕಡೆಯ ಸಣ್ಣ ನಾಟಿ ತಳಿ. ಕೊಟ್ಟಿಗೆ ಕೆಲಸವೆಲ್ಲ ನನ್ನದೇ. ಕೊಂಬಿನ ವಿಷಯದಲ್ಲಿ ಈವರೆಗೆ ನಾಲ್ಕು ತರ ಮಾಡಿ ನೋಡಿದ್ದೇನೆ. ಹಾಗೇ ಬಿಟ್ಟಿದ್ದೇನೆ, ಕಾಸ್ಟಿಕ್ ಅನ್ನುವ ಸುಡುವ ಮದ್ದು ಹಚ್ಚಿದ್ದೇನೆ, ಕಬ್ಬಿಣ ಕಾಯಿಸಿ ಸುಡಿಸಿದ್ದೇನೆ, ಬೆಳೆದ ಕೊಂಬು ಕೊಯ್ಯಿಸಿದ್ದೇನೆ. ಕೊನೆಯದನ್ನು ಮಾತ್ರ ಇನ್ನೊಮ್ಮೆ ಮಾಡುವುದಿಲ್ಲ.

ಇದೆಲ್ಲ ಶುರುವಾದದ್ದು ಗಂಗೆಯ ಕೆಚ್ಚಲಿನಿಂದ. ಗಂಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು, ಎರಡನೇ ಕರು ಹಾಕಿತ್ತು. ಪಕ್ಕದಲ್ಲಿ ಕಟ್ಟಿದ್ದ ಗೌರಿಗೆ ಗೇಣುದ್ದದ ಕೊಂಬು. ಒಂದು ರಾತ್ರಿ ಗೌರಿಯ ಕಣ್ಣಿ ಕಳಚಿದೆ. ಗಂಗೆಯ ಗೋದಲಿಯಲ್ಲಿ ಹಿಂಡಿಯ ವಾಸನೆ. ಬೆಳಿಗ್ಗೆ ನಾನು ಹೋಗಿ ನೋಡುವಾಗ ಗಂಗೆಯ ಒಂದು ಮೊಲೆ ಸೀಳಿ ರಕ್ತ ಸೋರುತ್ತಿತ್ತು. ಹೊಲಿಗೆ ಹಾಕಿಸಿದೆವು, ಬಾವು ಬಂತು, ಆ ಮೊಲೆಯಲ್ಲಿ ಹಾಲು ಮತ್ತೆ ಬರಲೇ ಇಲ್ಲ. ಗೌರಿ ಹಾಯುವ ದನ ಅಲ್ಲ. ಕೊಂಬಿತ್ತು, ಜಾಗ ಕಡಿಮೆ ಇತ್ತು, ಅಷ್ಟೇ.

ಆ ಸಿಟ್ಟಿನಲ್ಲಿ ಗೌರಿಯ ಕೊಂಬು ಕೊಯ್ಯಿಸಿದೆ. ಆಗ ಅದಕ್ಕೆ ನಾಲ್ಕು ವರ್ಷ, ಗಬ್ಬ ಇರಲಿಲ್ಲ. ಡಾಕ್ಟ್ರು ಮಂಪರಿನ ಇಂಜೆಕ್ಷನ್ ಕೊಟ್ಟು, ಜಾಗ ಮರಗಟ್ಟಿಸಿ, ತಂತಿ ಗರಗಸದಲ್ಲಿ ಕೊಯ್ದರು. ಅವರು ಮಾಡಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಬೆಳೆದ ದನದ ಕೊಂಬಿನ ಒಳಗೆ ಜೀವ ಇರುವ ಮೂಳೆ ಇರುತ್ತದೆ. ಆ ಮೂಳೆ ಟೊಳ್ಳು, ಹಣೆಯೊಳಗಿನ ಗಾಳಿಗೂಡಿಗೆ ನೇರ ಸೇರಿಕೊಂಡಿರುತ್ತದೆ. ಕೊಯ್ದ ಮೇಲೆ ತಲೆಯಲ್ಲಿ ಎರಡು ತೂತು. ಚಳಿಯ ಬೆಳಿಗ್ಗೆ ಗೌರಿ ಉಸಿರು ಬಿಟ್ಟರೆ ಆ ತೂತಿನಿಂದ ಹಬೆ ಬರುತ್ತಿತ್ತು. ಅದನ್ನು ನೋಡಿ ನಮ್ಮ ಅತ್ತೆ ಎರಡು ದಿನ ಕೊಟ್ಟಿಗೆಗೇ ಬರಲಿಲ್ಲ. ಹುಲ್ಲಿನ ಕಸ ಒಳಗೆ ಬೀಳದ ಹಾಗೆ ಬಟ್ಟೆ ಕಟ್ಟಿದೆ, ದಿನಾ ಬಿಚ್ಚಿ ತೊಳೆದೆ. ಆದರೂ ಒಂದು ಕಡೆ ಹುಳ ಬಿತ್ತು. ಮಾಯಲು ಎರಡು ತಿಂಗಳ ಹತ್ತಿರ ಹಿಡಿಯಿತು. ಹಾಲು ಅರ್ಧಕ್ಕೆ ಇಳಿಯಿತು. ಕೊಂಬಿಗೆ ಏಟು ಬಿದ್ದು ಮುರಿದರೆ, ಕೊಂಬಿನ ಕ್ಯಾನ್ಸರ್ ಬಂದರೆ ಕೊಯ್ಯಲೇಬೇಕು. ಬರೀ ಹಾಯುತ್ತದೆ ಅಂತ ಬೆಳೆದ ದನದ ಕೊಂಬು ಕೊಯ್ಯಿಸಬೇಡಿ. ಜಾಗ ಬದಲಿಸಿ ಕಟ್ಟಿ. ಇಲ್ಲ ಅಂದರೆ ತುದಿ ಮಾತ್ರ ಅರದಲ್ಲಿ ಉಜ್ಜಿ ಮೊಂಡು ಮಾಡಿ. ತೀರಾ ತುದಿಯಲ್ಲಿ ರಕ್ತವೂ ಇಲ್ಲ, ನೋವೂ ಇಲ್ಲ. ಎತ್ತಿನ ಕೊಂಬಿಗೆ ಹಿತ್ತಾಳೆಯ ಅಣಸು ಹಾಕುತ್ತಿದ್ದರಲ್ಲ, ಅದರಿಂದಲೂ ತುದಿ ಮೊಂಡಾಗುತ್ತದೆ. ಮೊಂಡು ತುದಿ ಚರ್ಮ ಸೀಳುವುದು ಕಡಿಮೆ. ಗುದ್ದು ಮಾತ್ರ ತಪ್ಪುವುದಿಲ್ಲ.

ಆಮೇಲೆ ಹುಟ್ಟಿದ ಕರುಗಳಿಗೆ ಚಿಕ್ಕದರಲ್ಲೇ ಮಾಡುವುದು ಅಂತ ಆಯಿತು. ಇದರ ಲೆಕ್ಕ ಸುಲಭ. ಹುಟ್ಟಿದ ಕರುವಿನ ಕೊಂಬಿನ ಮೊಳಕೆ ಬರೀ ಚರ್ಮದಲ್ಲಿ ಇರುತ್ತದೆ, ಬೆರಳಲ್ಲಿ ಒತ್ತಿದರೆ ಅಲ್ಲಾಡುತ್ತದೆ. ಸುಮಾರು ಎರಡು ತಿಂಗಳಾದ ಮೇಲೆ ಅದು ತಲೆಬುರುಡೆಗೆ ಅಂಟಿಕೊಳ್ಳುತ್ತದೆ. ಅಂಟುವ ಮೊದಲು ಆ ಚರ್ಮದ ಬೇರು ಸತ್ತರೆ ಕೊಂಬು ಬರುವುದೇ ಇಲ್ಲ.

ಕಾಸ್ಟಿಕ್ ಅಗ್ಗ. ಕರೆಂಟ್ ಬೇಡ, ಒಂದು ವಾರದೊಳಗಿನ ಕರುವಿಗೆ ಹಚ್ಚಿದರೆ ಆಯಿತು. ಮೊಳಕೆಯ ಸುತ್ತ ಕೂದಲು ಕತ್ತರಿಸಿ, ವ್ಯಾಸಲೀನ್‌ನಿಂದ ಒಡ್ಡು ಕಟ್ಟಿ, ಕೈಗೆ ಗ್ಲೌಸ್ ಹಾಕಿ ತೆಳ್ಳಗೆ ಹಚ್ಚಬೇಕು. ನಾನು ಹಾಗೇ ಮಾಡಿದೆ. ಆದರೆ ಅದು ಆಷಾಢ. ನಮ್ಮ ಕಡೆ ಆಷಾಢದ ಮಳೆ ಹೇಗಿರುತ್ತದೆ ಗೊತ್ತಲ್ವಾ, ಕೊಟ್ಟಿಗೆಯ ಒಳಗೂ ಎಲ್ಲ ಒದ್ದೆ. ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿ ಮದ್ದು ಕೆಳಗೆ ಇಳಿಯಿತು. ಕಣ್ಣಿನ ಮೇಲ್ಗಡೆ ಎರಡು ಬೆರಳಷ್ಟು ಚರ್ಮ ಸುಟ್ಟಿತು. ಇನ್ನು ಸ್ವಲ್ಪ ಇಳಿದಿದ್ದರೆ ಕಣ್ಣೇ ಹೋಗುತ್ತಿತ್ತು. ಕರುವನ್ನು ತಾಯಿಯಿಂದ ದೂರ ಕಟ್ಟಬೇಕು ಅನ್ನುವುದೂ ಇದೆ. ಹಾಲು ಕುಡಿಯುವಾಗ ತಲೆ ಗುದ್ದಿದರೆ ತಾಯಿಯ ಕೆಚ್ಚಲು ಸುಡುತ್ತದೆ. ದೂರ ಕಟ್ಟಿದರೆ ಎರಡೂ ರಾತ್ರಿಯಿಡೀ ಕೂಗುತ್ತವೆ. ಅಷ್ಟೆಲ್ಲ ಆಗಿಯೂ ಒಂದು ಕಡೆ ಬೇರು ಉಳಿದು, ವಕ್ರವಾದ ಮೋಟು ಕೊಂಬು ಬಂತು. ಬಯಲುಸೀಮೆಯ ಒಣ ಹವೆಗೆ ಇದು ಸರಿ ಇರಬಹುದು. ಮಳೆಗಾಲದ ಮಲೆನಾಡಿಗೆ ಬೇಡ.

ಕಬ್ಬಿಣದಲ್ಲಿ ಸುಡಿಸುವುದು ನೋಡಲು ಭಯ. ನಿಜ ಹೇಳಬೇಕು ಅಂದರೆ, ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು ಇದೇ. ಎರಡರಿಂದ ಮೂರು ವಾರದ ಕರು ಸರಿಯಾದ ವಯಸ್ಸು. ಡಾಕ್ಟ್ರು ಕಣ್ಣಿನ ಹೊರತುದಿಗೂ ಮೊಳಕೆಗೂ ನಡುವೆ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಚುಚ್ಚುತ್ತಾರೆ. ಆಮೇಲೆ ಹತ್ತು ನಿಮಿಷ ಕಾಯಬೇಕು. ಈ ಹತ್ತು ನಿಮಿಷವನ್ನು ಯಾರೂ ಬಿಡಬಾರದು. ಸೂಜಿಯಲ್ಲಿ ಚುಚ್ಚಿ ನೋಡಿ, ಕರು ತಲೆ ಕೊಡವದಿದ್ದರೆ ಮಾತ್ರ ಮುಂದಕ್ಕೆ. ಬಟ್ಟಲಿನ ಹಾಗೆ ಗುಳಿ ಇರುವ ಕಬ್ಬಿಣವನ್ನು ಮೊಳಕೆಯ ಮೇಲೆ ಇಟ್ಟು ತಿರುಗಿಸುತ್ತಾರೆ. ಸುತ್ತ ತಾಮ್ರದ ಬಣ್ಣದ ಉಂಗುರ ಕಂಡರೆ ಬೇರು ಸತ್ತಿದೆ ಅಂತ ಅರ್ಥ. ಮರಗಟ್ಟಿದ್ದು ಒಂದೆರಡು ಗಂಟೆಯಲ್ಲಿ ಬಿಡುತ್ತದೆ, ನೋವು ಮಾತ್ರ ಇರುತ್ತದೆ. ಅದಕ್ಕೆ ನೋವು ಕಡಿಮೆ ಮಾಡುವ ಮೆಲಾಕ್ಸಿಕಾಮ್ ಇಂಜೆಕ್ಷನ್ ಹಾಕಿಸಬೇಕು.

ಮೊದಲ ಸಲ ನಮಗೆ ಸಿಕ್ಕಿದವರು ಮರಗಟ್ಟಿಸದೆಯೇ ಸುಟ್ಟರು. ‘ಒಂದು ನಿಮಿಷದ ಕೆಲಸ ಅಕ್ಕಾ, ಸುಮ್ನೆ ಹಿಡ್ಕೊಳಿ’ ಅಂದರು. ನಾನು ಹಿಡಿದುಕೊಂಡೆ. ಆ ಕರು ಆಮೇಲೆ ತಿಂಗಳುಗಟ್ಟಲೆ ನನ್ನ ಕೈ ಕಂಡರೆ ಹಿಂದೆ ಸರಿಯುತ್ತಿತ್ತು. ಮರಗಟ್ಟಿಸಿ ಸುಡಿಸಿದ ಎರಡು ಕರುಗಳು ಅದೇ ಸಂಜೆ ಬಂದು ನನ್ನ ಸೀರೆ ನೆಕ್ಕಿದವು. ಇದಕ್ಕಿಂತ ದೊಡ್ಡ ಹೋಲಿಕೆ ನನ್ನ ಹತ್ತಿರ ಇಲ್ಲ. ಕಾಲವೂ ಮುಖ್ಯ. ಮಾರ್ಗಶಿರ, ಪುಷ್ಯದಲ್ಲಿ ನೊಣ ಕಡಿಮೆ, ಗಾಯ ಒಣಗಿರುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಕರುವಿಗೆ ಅಷ್ಟು ದಿನ ಕಾಯಲು ಆಗುವುದಿಲ್ಲ. ಆಗ ಬೇವಿನೆಣ್ಣೆ ಹಚ್ಚಿ, ದಿನಾ ಎರಡು ಸಲ ನೋಡಬೇಕು.

ಕೊಂಬು ತೆಗೆಸುವುದೇ ಹಿಂಸೆ, ಕಾನೂನಿನ ಪ್ರಕಾರವೂ ತಪ್ಪು ಅಂತ ನೆಂಟರೊಬ್ಬರು ಹೇಳಿದರು. ಕಾನೂನಿನ ಮಾತು ಹಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ, ಹೇಳಿದ ಕ್ರಮದಲ್ಲಿ ದನದ ಕೊಂಬು ತೆಗೆಯುವುದಕ್ಕೆ ವಿನಾಯಿತಿ ಇದೆ. ಹುಟ್ಟಾ ಬೋಳು ದನದ ದಾರಿ ಇನ್ನೂ ಚೆನ್ನ. ಹೊರದೇಶದಲ್ಲಿ ಮಾಂಸಕ್ಕೆ ಸಾಕುವ ಆಂಗಸ್ ತಳಿಗೆ ಕೊಂಬೇ ಬರುವುದಿಲ್ಲ. ಎಚ್‌ಎಫ್‌ನಲ್ಲೂ ಬೋಳು ಹೋರಿಗಳಿವೆ. ನಮ್ಮ ಕಡೆ ಆ ವೀರ್ಯ ಕೇಳಿದೆ, ಸಿಗಲಿಲ್ಲ.

ಗಿಡ್ಡಗಳ ಕೊಂಬನ್ನು ನಾವು ಮುಟ್ಟಿಲ್ಲ. ಅವು ಬೆಳಿಗ್ಗೆ ಬೆಟ್ಟಕ್ಕೆ ಹೋದರೆ ಸಂಜೆಗೇ ಬರುವುದು. ಒಂದನ್ನೊಂದು ಹಾಯುವಷ್ಟು ಹತ್ತಿರ ಇರುವುದು ರಾತ್ರಿ ಮಾತ್ರ. ಹೋದ ವರ್ಷ ಬ್ಯಾಣದಲ್ಲಿ (ದನ ಮೇಯುವ ಹುಲ್ಲಿನ ಜಾಗ) ನಾಯಿಗಳ ಗುಂಪು ಕರುವಿನ ಹಿಂದೆ ಬಿದ್ದಾಗ ಕೆಂಪಿ ತಲೆ ತಗ್ಗಿಸಿ ಎದುರು ನಿಂತಿತು. ಅದರ ಕೊಂಬು ಚಿಕ್ಕದು, ಆದರೆ ಚೂಪು. ನಾಯಿಗಳು ವಾಪಸ್ ಓಡಿದವು. ಆ ಕೊಂಬು ನನ್ನ ಅನುಕೂಲಕ್ಕೆ ಇರುವುದಲ್ಲ, ಅದರದ್ದೇ. ದೀಪಾವಳಿಯ ಗೋಪೂಜೆಗೆ ಅತ್ತೆ ಅವುಗಳ ಕೊಂಬಿಗೇ ಕೆಮ್ಮಣ್ಣು ಹಚ್ಚುತ್ತಾರೆ. ಕೊಂಬಿಲ್ಲದ ಹೈಬ್ರಿಡ್‌ಗಳಿಗೆ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಸರ.

ಈಗ ಕೆಂಪಿಗೆ ಜೆರ್ಸಿಯಿಂದ ಹುಟ್ಟಿದ ಹೆಣ್ಣುಗರು ಇದೆ. ಹನ್ನೆರಡು ದಿನ. ಗುರುವಾರ ಡಾಕ್ಟ್ರು ಬೇರೆ ಕರುವಿಗೆ ಬರುತ್ತಾರೆ, ಇದಕ್ಕೂ ಮಾಡೋಣವಾ ಅಂತ ಕೇಳಿದ್ದಾರೆ. ಇದು ತಾಯಿಯ ಹಿಂದೆ ಬೆಟ್ಟಕ್ಕೇ ಹೋಗುವ ಕರು. ಬೇಡ ಅಂದಿದ್ದೇನೆ.