ಆನೆ ಗಣತಿ: ಬ್ಲಾಕ್, ಲದ್ದಿ, ಕೆರೆ

ಆನೆ ಗಣತಿಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಆನೆ ಕಂಡವು?’ ಕಂಡವುಗಳನ್ನು ಎಣಿಸುವುದು ಸುಲಭ. ಕಾಣದವುಗಳನ್ನು ಲೆಕ್ಕಕ್ಕೆ ಹಿಡಿಯುವುದರಲ್ಲಿದೆ ಕಷ್ಟ. ಕರ್ನಾಟಕದಲ್ಲಿ ಇದಕ್ಕೆ ಮೂರು ದಾರಿಗಳಿವೆ. 2023ರ ಮೇ ತಿಂಗಳ ಗಣತಿಯಲ್ಲೂ ಮೊದಲ ದಿನ ಬ್ಲಾಕ್ ಎಣಿಕೆ, ಎರಡನೆಯ ದಿನ ಲದ್ದಿ ಎಣಿಕೆ, ಮೂರನೆಯ ದಿನ ನೀರಿನ ತಾಣಗಳಲ್ಲಿ ಎಣಿಕೆ ನಡೆಯಿತು. ಸ್ವಯಂಸೇವಕನಾಗಿ ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಮತ ಲದ್ದಿಗೆ.

ಬ್ಲಾಕ್ ಎಣಿಕೆಯಲ್ಲಿ ಸುಮಾರು 5 ಚದರ ಕಿ.ಮೀ. ಕಾಡನ್ನು ಒಂದು ತಂಡಕ್ಕೆ ಒಪ್ಪಿಸುತ್ತಾರೆ. ಅದನ್ನು ಬೆಳಗಿನಿಂದ ಸುತ್ತಿ, ಕಣ್ಣಿಗೆ ಬಿದ್ದ ಆನೆಗಳನ್ನು ಬರೆದುಕೊಳ್ಳಬೇಕು. ಕೇಳಲು ನೇರವಾಗಿದೆ. ಆದರೆ ಲಂಟಾನ ಹಬ್ಬಿದ ಕಡೆ ಕೊಂಬೆ ಮುರಿಯುವ ಸದ್ದು ಕೇಳುತ್ತದೆ, ಒಂದೆರಡು ಬೆನ್ನು ಕಾಣುತ್ತವೆ, ಅಷ್ಟೇ. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರುವುದಿಲ್ಲ, ಇರಲೂಬಾರದು. ಹಿಂಡು ಗಡಿ ದಾಟಿ ಪಕ್ಕದ ಬ್ಲಾಕಿಗೆ ಹೋದರೆ ಅಲ್ಲಿನವರೂ ಅದನ್ನೇ ಎಣಿಸಬಹುದು. ಅದಕ್ಕೇ ಸಮಯ, ಬಂದ ದಿಕ್ಕು, ಹೋದ ದಿಕ್ಕು ಎಲ್ಲವನ್ನೂ ಬರೆಯುವುದು. ಎರಡು ಸಲ ಎಣಿಸಿದ್ದನ್ನು ಹೀಗೆ ಕಳೆಯಬಹುದು. ಪೊದೆಯೊಳಗೆ ಉಳಿದದ್ದನ್ನು ಕೂಡಿಸುವುದು ಹೇಗೆ?

ಲದ್ದಿ ಎಣಿಕೆಗೆ ಬರುವ ಮುಖಗಳು ಮೊದಲು ಸ್ವಲ್ಪ ಸಪ್ಪಗಿರುತ್ತವೆ. ಎರಡು ಕಿ.ಮೀ. ನೇರ ಗೆರೆಯ ಮೇಲೆ ನಿಧಾನವಾಗಿ ನಡೆಯುತ್ತಾ, ಲದ್ದಿ ಕಂಡಾಗಲೆಲ್ಲ ಗೆರೆಯಿಂದ ರಾಶಿಯ ನಡುವಿನವರೆಗೆ ಟೇಪು ಹಿಡಿದು ಅಳೆಯುವುದು. ಈ ಅಳತೆಯಲ್ಲೇ ಜಾಣತನವಿದೆ. ಗೆರೆಯ ಮೇಲಿನದು ತಪ್ಪುವುದಿಲ್ಲ; ದೂರ ಹೋದಂತೆ ಕಾಣುವುದು ಕಡಿಮೆಯಾಗುತ್ತದೆ. ಎಷ್ಟು ದೂರಕ್ಕೆ ಎಷ್ಟು ಕಡಿಮೆಯಾಯಿತು ಎಂಬುದರಿಂದಲೇ ನಾವು ನೋಡದೆ ಬಿಟ್ಟ ರಾಶಿಗಳ ಅಂದಾಜು ಸಿಗುತ್ತದೆ. ತನ್ನ ಕುರುಡನ್ನು ತಾನೇ ಅಳೆದುಕೊಳ್ಳುವ ಈ ಗುಣ ಬ್ಲಾಕ್ ಎಣಿಕೆಗಿಲ್ಲ.

ನಮ್ಮ ಜೊತೆಗಿದ್ದ ವಾಚರ್ ಒಂದು ಇಳಿಜಾರಿನಲ್ಲಿ ಕುಳಿತು, ಎರಡು ಕಡೆ ಬಿದ್ದಿದ್ದ ಉಂಡೆಗಳನ್ನು ಕಡ್ಡಿಯಿಂದ ಬಿಡಿಸಿ ನೋಡಿದರು. ಒಳಗಿನ ಬಿದಿರಿನ ನಾರು, ಉಂಡೆಯ ಗಾತ್ರ, ಹಸಿ ಎಲ್ಲವೂ ಒಂದೇ. “ಒಂದೇ ಆನೆಯದು ಸಾರ್, ನಡೆಯುತ್ತಾ ಹಾಕಿದೆ” ಎಂದರು. ಹಾಳೆಯಲ್ಲಿ ಎರಡಾಗುತ್ತಿದ್ದದ್ದು ಒಂದಾಯಿತು.

ಇದರ ದೌರ್ಬಲ್ಯ ಬೇರೆಡೆ ಇದೆ. ಲದ್ದಿಯ ಸಂಖ್ಯೆಯನ್ನು ಆನೆಯ ಸಂಖ್ಯೆಯಾಗಿಸಲು ಆನೆ ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೆ, ಅದು ಕೊಳೆತು ಮರೆಯಾಗಲು ಎಷ್ಟು ದಿನ ಬೇಕು, ಎರಡೂ ಗೊತ್ತಿರಬೇಕು. ಮೊದಲನೆಯದಕ್ಕೆ ಸಾಮಾನ್ಯವಾಗಿ 16ರ ಆಸುಪಾಸಿನ ಸಂಖ್ಯೆ ಬಳಸುತ್ತಾರೆ. ಎರಡನೆಯದು ಮಳೆ, ಗೆದ್ದಲು, ಸಗಣಿ ಹುಳುಗಳ ಕೈಯಲ್ಲಿದೆ. ಬಂಡೀಪುರದ ಒಣಕಾಡಿನ ಲೆಕ್ಕವನ್ನು ಮಲೆನಾಡಿನ ತೇವಕ್ಕೆ ಒಯ್ದರೆ ಎಡವಟ್ಟಾಗುತ್ತದೆ.

ಕೆರೆಯ ಬದಿಯ ಎಣಿಕೆ ಎಲ್ಲಕ್ಕಿಂತ ಸುಖ. ಒಂದೇ ಕಡೆ ಕುಳಿತಿದ್ದರೆ ಆನೆಗಳೇ ಬರುತ್ತವೆ. ಒಟ್ಟು ಸಂಖ್ಯೆಗೆ ಮಾತ್ರ ಇದನ್ನು ನಂಬಲಾರೆ: ಅದೇ ಹಿಂಡು ಸಂಜೆ ಮತ್ತೆ ಬರಬಹುದು, ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಗುಂಡಿಗಳಲ್ಲೇ ನೀರು ಸಿಕ್ಕು ಯಾವುದೂ ಬಾರದಿರಬಹುದು. ಹಿಂಡಿನ ಒಳಲೆಕ್ಕಕ್ಕೆ ಮಾತ್ರ ಇದಕ್ಕೆ ಸಾಟಿಯಿಲ್ಲ. ತಾಯಿಯ ಹೊಟ್ಟೆಯ ಕೆಳಗೆ ನುಸುಳುವ ಮರಿಯಾದರೆ ವರ್ಷ ತುಂಬಿಲ್ಲ. ದಂತವಿದ್ದರೆ ಗಂಡು; ದಂತವಿಲ್ಲದ ಗಂಡು, ಅಂದರೆ ಮಖನಾ, ಹೆಣ್ಣುಗಳ ಸಾಲಿಗೆ ಸೇರಿಬಿಡದಂತೆ ಹಣೆ, ಸೊಂಡಿಲಿನ ಬುಡ ನೋಡಬೇಕು. ಇಷ್ಟೆಲ್ಲ ನೋಡುವಷ್ಟು ಹೊತ್ತು ಆನೆ ಬಯಲಲ್ಲಿ ನಿಲ್ಲುವುದು ನೀರಿನ ಬಳಿ ಮಾತ್ರ.

2023ರ ಗಣತಿ ರಾಜ್ಯಕ್ಕೆ 6,395 ಆನೆಗಳೆಂದಿತು. 2025ರಲ್ಲಿ ಬಂದ ಡಿಎನ್‌ಎ ಆಧಾರಿತ ಅಂದಾಜು 6,013 ಎಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಆನೆ ಕಡಿಮೆಯಾಯಿತು ಎನ್ನುವುದು ಸರಿಯಲ್ಲ, ಅಳೆದ ಕೋಲೇ ಬೇರೆ. ಅಂದಹಾಗೆ, ಆ ಡಿಎನ್‌ಎ ಸಿಗುವುದೂ ಹಸಿ ಲದ್ದಿಯ ಹೊರಮೈಗೆ ಅಂಟಿದ ಕರುಳಿನ ಕೋಶಗಳಿಂದಲೇ.