ಫೋನಲ್ಲೇ ಕಡಿಮೆ ರೇಟ್ ಹೇಳೋ ಪ್ಯಾಕರ್ಸ್‌ನವರನ್ನ ದಯವಿಟ್ಟು ನಂಬಬೇಡಿ

ದೂರದ ಊರಿಗೆ ಮನೆ ಶಿಫ್ಟ್ ಮಾಡೋರು ಇದನ್ನ ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ನಾವು ಎಲ್ಲಾ ಯೋಚನೆ ಮಾಡಿದ್ವಿ. ಪಾರ್ಟ್ ಲೋಡ್ ಆದ್ರೆ ದುಡ್ಡು ಉಳಿಯುತ್ತೆ, ಆದ್ರೆ ಬೇರೆಯವರ ಸಾಮಾನಿನ ಜೊತೆ ಹೋಗುತ್ತೆ, ದಾರೀಲಿ ಗೋಡೌನಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಹತ್ತಿಸ್ತಾರೆ. ದೊಡ್ಡ ಸಾಮಾನು ಮಾರಿಬಿಟ್ಟು ಅಲ್ಲೇ ಹೊಸದು ತಗೊಳ್ಳೋಣ ಅಂದ್ರೆ ಅತ್ತೆಯವರ ಮರದ ಬೀರು ಬಿಡೋಕೆ ಯಾರಿಗೂ ಮನಸ್ಸಿಲ್ಲ. ಕೊನೆಗೆ ಖರ್ಚಾದ್ರೂ ಪರವಾಗಿಲ್ಲ, ಪೂರ್ತಿ ಲಾರಿ ಮಾಡೋಣ, ನಮ್ಮ ಬಾಗಿಲಲ್ಲಿ ತುಂಬಿದ್ದು ಸೀದಾ ಹೊಸ ಮನೆ ಬಾಗಿಲಿಗೇ ಹೋಗ್ಲಿ ಅಂತ.

ಒಬ್ರು ಮನೆಗೇ ಬಂದು ಅಟ್ಟ, ಕಪಾಟು ಎಲ್ಲಾ ತೆಗೆಸಿ ನೋಡಿ ಲಿಸ್ಟ್ ಬರ್ಕೊಂಡು ರೇಟ್ ಕೊಟ್ರು. ಇನ್ನೊಬ್ಬ ಫೋನಲ್ಲಿ ಎಷ್ಟು ರೂಮು ಅಂತ ಮಾತ್ರ ಕೇಳಿದ, ತುಂಬಾ ಕಡಿಮೆ ಹೇಳಿದ. "ಪ್ಯಾಕಿಂಗ್, ಲೋಡಿಂಗ್, ಇನ್ಶೂರೆನ್ಸ್ ಎಲ್ಲಾ ಸೇರಿ ಮೇಡಂ, ಆದ್ರೆ ಅಡ್ವಾನ್ಸ್ ಇವತ್ತೇ ಹಾಕ್ಬೇಕು, ನಾಳೆ ಈ ರೇಟ್ ಇರಲ್ಲ." ಮಾತು ಎಷ್ಟು ನಯ ಅಂದ್ರೆ ಮನೇಲಿ ಎಲ್ರಿಗೂ ಇವನೇ ಸರಿ ಅನ್ನಿಸ್ತು.

ಶಿಫ್ಟಿಂಗ್ ದಿನ ಬಂದ ಲಾರಿ ಮೇಲೆ ಬೇರೆ ಯಾರದ್ದೋ ಹೆಸರು. ಅರ್ಧ ಮನೆ ಸಾಮಾನು ಲಾರಿ ಒಳಗೆ ಹೋಗಿತ್ತು, ಸಂಜೆ ಒಳಗೆ ಓನರ್‌ಗೆ ಕೀ ಕೊಡ್ಬೇಕು, ಆಗ ಸೂಪರ್‌ವೈಸರ್ ಬಂದು "ಲಿಸ್ಟ್‌ಗಿಂತ ಸಾಮಾನು ಜಾಸ್ತಿ ಇದೆ, ಎಕ್ಸ್‌ಟ್ರಾ ಆಗುತ್ತೆ" ಅಂದ. ಯಾವ ಲಿಸ್ಟ್? ಲಿಸ್ಟ್ ಮಾಡಿದೋರು ಯಾರು? ಎಕ್ಸ್‌ಟ್ರಾ ಎಷ್ಟು ಅಂದ್ರೆ ಒಪ್ಪಿದ ರೇಟಿನಷ್ಟೇ ಮತ್ತೆ. ನಾನು ಮಾತಾಡ್ತಾ ನಿಂತಿರೋವಾಗ್ಲೇ ಅವನ ಹುಡುಗ ಲಾರಿ ಹಿಂದಿನ ಬಾಗಿಲು ಹಾಕಿ ಬೀಗ ಜಡಿದ. ನಮ್ಮ ಹಾಸಿಗೆ, ಮಕ್ಕಳ ಪುಸ್ತಕ, ಆ ಬೀರು ಎಲ್ಲಾ ಒಳಗೆ. ಪಕ್ಕದ ಮನೆಯವರೆಲ್ಲಾ ನೋಡ್ತಾ ನಿಂತಿದಾರೆ, ನಾನು ರಸ್ತೇಲಿ ನಮ್ಮದೇ ಸಾಮಾನಿಗೆ ಅವನ ಹತ್ರ ಬೇಡ್ಕೊಳ್ತಿದೀನಿ. ಆ ಹೊತ್ತು ನೆನಪಾದ್ರೆ ಇವತ್ತಿಗೂ ಮೈ ಉರಿಯುತ್ತೆ.

ಫೋನಲ್ಲಿ ರೇಟ್ ಹೇಳಿದವನಿಗೆ ಕೇಳಿದ್ರೆ "ಮೇಡಂ ಅದು ಬರೀ ಎಸ್ಟಿಮೇಟ್, ನಂದು ಬುಕಿಂಗ್ ಮಾತ್ರ, ಗಾಡಿ ಬೇರೆಯವರದು, ಅವರ ಹತ್ರ ಮಾತಾಡಿ". ಗಾಡಿಯವನಿಗೆ ಕೇಳಿದ್ರೆ "ನಂಗೆ ಅವರು ಅಷ್ಟು ಕೊಟ್ಟೇ ಇಲ್ಲ". ಅಂದ್ರೆ ಇವನು ಬರೀ ಬ್ರೋಕರ್! ಲಾರಿ ಇಲ್ಲ, ಆಳಿಲ್ಲ, ಏನೂ ಇಲ್ಲ. ದುಡ್ಡು ಕೊಟ್ವಿ, ಬೇರೆ ದಾರಿ ಇರ್ಲಿಲ್ಲ.

ಪೂರ್ತಿ ಲಾರಿ ಅಂದಿದ್ದೂ ಸುಳ್ಳು. ಹೇಳಿದ ದಿನ ಬರ್ಲಿಲ್ಲ, "ಸಾಮಾನು ಸೇಫ್ ಇದೆ ಮೇಡಂ" ಅನ್ನೋದೊಂದೇ ಉತ್ತರ, ಬಂದಿದ್ದು ಬೇರೆ ಗಾಡೀಲಿ, ನಮ್ಮ ಡಬ್ಬಗಳ ಜೊತೆ ಯಾರದ್ದೋ ಮನೆ ಸೈಕಲ್ಲೂ ಇತ್ತು. ಬೀರು ಕಾಲು ಮುರಿದಿದೆ. ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಡ್ರಮ್ ಸ್ಪ್ರಿಂಗ್ ಮೇಲೆ ನೇತಾಡ್ತಿರುತ್ತೆ, ಸಾಗಿಸೋವಾಗ ಹಿಂದೆ ಟ್ರಾನ್ಸಿಟ್ ಬೋಲ್ಟ್ ಹಾಕ್ಲೇಬೇಕು, ನಾನು ಬೋಲ್ಟ್ ಕೈಗೇ ಕೊಟ್ಟಿದ್ದೆ, ಹಾಕೇ ಇಲ್ಲ. ಈಗ ಆನ್ ಮಾಡಿದ್ರೆ ಮನೆಯೆಲ್ಲಾ ನಡುಗುತ್ತೆ. ಇನ್ಶೂರೆನ್ಸ್ ಕೊಡ್ರಪ್ಪಾ ಅಂದ್ರೆ ಪಾಲಿಸಿನೇ ಇಲ್ಲ, ಬಿಲ್ಟಿ, ಅಂದ್ರೆ ಸಾಮಾನು ತಗೊಂಡಿದ್ದಕ್ಕೆ ಲಾರಿಯವರು ಕೊಡೋ ರಸೀದಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಓನರ್ಸ್ ರಿಸ್ಕ್ ಅಂತಿದೆ. ಅಂದ್ರೆ ಏನೇ ಮುರಿದ್ರೂ ನಷ್ಟ ನಮ್ದೇ ಅಂತ ಅವರ ವಾದ.

ಮನೆಗೆ ಬಂದು ನೋಡದೆ ರೇಟ್ ಹೇಳೋರಿಗೆ ಒಂದು ಪೈಸೆ ಅಡ್ವಾನ್ಸ್ ಕೊಡ್ಬೇಡಿ. ಗಾಡಿ ನಿಮ್ದೇನಾ ಅಂತ ಕೇಳಿ, ಸಾಮಾನಿನ ಲಿಸ್ಟ್ ಮತ್ತೆ ಫೈನಲ್ ರೇಟ್ ಬರಹದಲ್ಲಿ ತಗೊಳ್ಳಿ, ಪಾಲಿಸಿ ನಂಬರ್ ಲೋಡಿಂಗ್‌ಗೆ ಮುಂಚೆನೇ ಕೈಗೆ ಬರ್ಬೇಕು. ಇಳಿಸಿದ ಮೇಲೆ ಮುರಿದಿದ್ದನ್ನ ಅವರು ಸೈನ್ ಕೇಳೋ ಪೇಪರ್ ಮೇಲೇ ಬರೆದು ಆಮೇಲೆ ಸೈನ್ ಹಾಕಿ, ಫೋಟೋನೂ ತೆಗೀರಿ. ಯಾಕಂದ್ರೆ ಪರಿಹಾರ ಕೇಳಿದ್ದಕ್ಕೆ ಆ ಬ್ರೋಕರ್‌ನ ಕೊನೇ ಮೆಸೇಜ್ "ಎಲ್ಲಾ ಸರಿ ಇದೆ ಅಂತ ನೀವೇ ಸೈನ್ ಹಾಕಿದೀರಲ್ಲ ಮೇಡಂ". ಸೈನ್ ಹಾಕದೆ ಸಾಮಾನು ಇಳಿಸಲ್ಲ ಅಂತ ಗೇಟ್ ಹತ್ರ ನಿಂತು ಜಗಳ ಮಾಡಿದ್ದು ಅವನು ಕಳಿಸಿದ ಜನಾನೇ.