ಮನೆ ಖಾಲಿ ಮಾಡಿ ಅಂದಾಗ 15100ಕ್ಕೆ ಫೋನ್ ಮಾಡಿದೆವು

ಸರ್ಕಾರದ ಉಚಿತ ಕಾನೂನು ನೆರವು ಅಂದ್ರೆ ಬರೀ ಬೋರ್ಡು ಅಂತಲೇ ನಾನು ತಿಳಿದಿದ್ದೆ. ಪಕ್ಕದ ಮನೆ ಅಕ್ಕನ ಜೊತೆ ಹೋಗಿ ಬಂದ ಮೇಲೆ ಹಾಗೆ ಅನ್ನಲಾರೆ.

ಅಕ್ಕ ಬೆಂಗಳೂರಿನಲ್ಲಿ ಮೂರು ಮನೆ ಕೆಲಸ ಮಾಡುತ್ತಾರೆ. ವಠಾರದಲ್ಲಿ ಒಂದು ರೂಮು, ಒಂದು ಅಡುಗೆಮನೆ, ಬಾಡಿಗೆ 6,500. ಗಂಡ ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದು ಕೈ ಮುರಿದುಕೊಂಡರು, ಎರಡು ತಿಂಗಳು ಬಾಡಿಗೆ ನಿಂತಿತು. ಓನರ್ ನೋಟಿಸ್ ಗೀಟಿಸ್ ಏನೂ ಕೊಡದೆ ಫ್ಯೂಸ್ ಕಿತ್ತುಕೊಂಡು ಹೋದರು. ಆ ರಾತ್ರಿ ಅಕ್ಕ ಒಂದು ಕೈಯಲ್ಲಿ ಫೋನಿನ ಟಾರ್ಚ್ ಹಿಡಿದು, ಇನ್ನೊಂದು ಕೈಯಲ್ಲಿ ಅನ್ನಕ್ಕೆ ನೀರು ಅಳೆದು ಹಾಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದೆವು. ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂದರು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, 1987ರ ಕಾಯ್ದೆಯಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಅರ್ಜಿಯನ್ನು ಅಲ್ಲಿದ್ದವರೇ ಕೇಳಿ ಕೇಳಿ ಬರೆದುಕೊಂಡರು, ಒಂದು ರೂಪಾಯಿ ಕೇಳಲಿಲ್ಲ. ಓನರ್‌ಗೆ ನೋಟಿಸ್ ಹೋದ ದಿನ ಸಂಜೆಯೇ ಫ್ಯೂಸ್ ವಾಪಸ್ ಬಂತು! ಆಮೇಲೆ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. ಬಾಕಿ ನಾಲ್ಕು ಕಂತಿನಲ್ಲಿ ಕೊಡುವುದು, ಅಲ್ಲಿವರೆಗೆ ಖಾಲಿ ಮಾಡಿಸುವಂತಿಲ್ಲ ಅಂತ ರಾಜಿ ಆಯಿತು. ಅದನ್ನು ಲೋಕ ಅದಾಲತ್‌ನಲ್ಲಿ ದಾಖಲಿಸಿದರೆ ಕೋರ್ಟ್ ಡಿಕ್ರಿಯಷ್ಟೇ, ಅಂದ್ರೆ ತೀರ್ಪಿನಷ್ಟೇ ಬೆಲೆ, ಬರೀ ಬಾಯಿಮಾತಲ್ಲ.

ಬೇಸರ ಇರುವುದು ಕಾನೂನಿನ ಮೇಲೆ. ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆದಾರರಿಗೆ ಒಳ್ಳೆ ರಕ್ಷಣೆ ಕೊಡುತ್ತದೆ. ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೂ ಕಟ್ಟಲು ಎರಡು ತಿಂಗಳು ಸಮಯ ಇದೆ. ಆದರೆ ಬೆಂಗಳೂರಿನಲ್ಲಿ ಬಾಡಿಗೆ 3,500 ದಾಟಿದರೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಅದು 1999ರಲ್ಲಿ ಬರೆದ ಮೊತ್ತ. ಈಗ ಆ ದುಡ್ಡಿಗೆ ಶೀಟಿನ ಮನೆ ಸಿಗುವುದೂ ಕಷ್ಟ ಅಲ್ವಾ? ಮನೆಗೆಲಸದವರು, ಗಾರೆ ಕೆಲಸದವರು ಎಲ್ಲರೂ ಹೊರಗೇ ಉಳಿದರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ, ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ತರಬೇಕು. ಇಲ್ಲಿ ಹತ್ತು ತಿಂಗಳದ್ದು ಕೇಳುವವರು ಇನ್ನೂ ಇದ್ದಾರೆ.

ಹೋಗುವವರು ಆಧಾರ್, ಅಗ್ರಿಮೆಂಟ್, ಬಾಡಿಗೆ ಕೊಟ್ಟ ಲೆಕ್ಕ ತೆಗೆದುಕೊಂಡು ಹೋಗಿ. ಅಕ್ಕನ ಹತ್ತಿರ ಅಗ್ರಿಮೆಂಟ್ ಇರಲಿಲ್ಲ. ಪ್ರತಿ ತಿಂಗಳು ಫೋನ್‌ಪೇ ಮಾಡಿದ್ದ ಸ್ಕ್ರೀನ್‌ಶಾಟ್‌ಗಳೇ ಕೈ ಹಿಡಿದವು.